ಗಣಕ ಎದ್ದೊಡನೆ ಯಾರ ಮಾತು ಕೇಳಬೇಕು?

ಬೆಂಗಳೂರಿನ ಜಾಲಹಳ್ಳಿ ಎಂದೊಡನೆ ಹಳಬರಿಗೆ ನೆನಪಾಗುವುದು ಎಚ್‌ಎಂಟಿ ಮತ್ತು ಬಿಇಎಲ್. 1954ರಲ್ಲಿ ಸ್ಥಾಪನೆಯಾದ ಬಿಇಎಲ್, ಹೈದರಾಬಾದಿನ ಇಸಿಐಎಲ್ ಜೊತೆ ಸೇರಿ, ದೇಶಕ್ಕೆ ವಿದ್ಯುನ್ಮಾನ ಮತಯಂತ್ರಗಳನ್ನು ಒದಗಿಸಿದ ಸಂಸ್ಥೆ. 2004ರ ಲೋಕಸಭಾ ಚುನಾವಣೆ ಪೂರ್ತಿಯಾಗಿ ಈ ಯಂತ್ರಗಳ ಮೇಲೆಯೇ ನಡೆಯಿತು. ಚುನಾವಣಾ ಆಯೋಗದ ವಿವರಣೆಯಂತೆ ಇದರ ಚಿಪ್ಪಿನಲ್ಲಿ ಆದೇಶಗಳನ್ನು ಒಂದೇ ಬಾರಿ ಬರೆಯಲಾಗುತ್ತದೆ. ಆಮೇಲೆ ತಿದ್ದಲು ಬರುವುದಿಲ್ಲ. ಗುಂಡಿ ಒತ್ತಿದೊಡನೆ ಏನು ಮಾಡಬೇಕೆಂಬುದು ಕಾರ್ಖಾನೆಯಲ್ಲೇ ತೀರ್ಮಾನವಾಗಿರುತ್ತದೆ.

ನಮ್ಮ ಮನೆಯ ಗಣಕದ ಸ್ವಭಾವ ಇದಕ್ಕೆ ತದ್ವಿರುದ್ಧ. ಅದರೊಳಗೆ ಎರಡು ಡಿಸ್ಕ್‌ಗಳಿರಬಹುದು, ಹೊರಗಿನಿಂದ ಪೆನ್ ಡ್ರೈವ್ ಸಿಕ್ಕಿಸಿರಬಹುದು. ಒಂದರಲ್ಲಿ ವಿಂಡೋಸ್, ಇನ್ನೊಂದರಲ್ಲಿ ಲಿನಕ್ಸ್ ಇರಬಹುದು. ವಿದ್ಯುತ್ ಹರಿದ ಆ ಮೊದಲ ಕ್ಷಣದಲ್ಲಿ ಅದು ಯಾರ ಮಾತು ಕೇಳಬೇಕು?

ಇಲ್ಲೊಂದು ಒಗಟಿದೆ. ಡಿಸ್ಕಿನಿಂದ ಆದೇಶಗಳನ್ನು ಓದಬೇಕಾದರೆ, ಓದುವುದು ಹೇಗೆಂದು ಹೇಳುವ ಆದೇಶ ಮೊದಲೇ ಇರಬೇಕು. ಬೀಗದ ಕೈಯನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದ ಕಥೆ ಇದು. ತನ್ನ ಬೂಟಿನ ಪಟ್ಟಿಯನ್ನು ತಾನೇ ಹಿಡಿದು ತನ್ನನ್ನು ಮೇಲೆತ್ತಿಕೊಳ್ಳುವುದು ಎಂಬ ಇಂಗ್ಲಿಷ್ ನುಡಿಗಟ್ಟಿನಿಂದಲೇ ‘ಬೂಟ್’ ಎಂಬ ಹೆಸರು ಬಂದಿತು. ಹಿಂದಿನ ಎಷ್ಟೋ ಗಣಕಗಳಲ್ಲಿ ಈ ಮೊದಲ ಆದೇಶಗಳನ್ನು ಮುಂಭಾಗದ ಸ್ವಿಚ್ಚುಗಳ ಮೂಲಕ ಕೈಯಿಂದಲೇ ತುಂಬಬೇಕಿತ್ತು.

1981ರಲ್ಲಿ ಬಂದ ಐಬಿಎಂ ಪರ್ಸನಲ್ ಕಂಪ್ಯೂಟರ್ ಈ ಕೆಲಸವನ್ನು ‘ಬಯೋಸ್’ ಎಂಬ ಕಾಯಂ ಚಿಪ್ಪಿಗೆ ವಹಿಸಿತು. ಅದು ಮೊದಲು ಫ್ಲಾಪಿಯನ್ನು ನೋಡುತ್ತಿತ್ತು. 1983ರ ಎಕ್ಸ್‌ಟಿ ಮಾದರಿಯಲ್ಲಿ ಹಾರ್ಡ್ ಡಿಸ್ಕ್ ಬಂದಾಗಲೂ ಫ್ಲಾಪಿಗೇ ಮೊದಲ ಮಣೆ. ಡಿಸ್ಕ್ ಕೆಟ್ಟರೂ ಫ್ಲಾಪಿ ಹಾಕಿ ಯಂತ್ರವನ್ನು ಎಬ್ಬಿಸಬಹುದೆಂಬುದು ಇದರ ಅನುಕೂಲ.

ಆದರೆ ಮೊದಲು ಬಂದವನ ಮಾತನ್ನು ಪ್ರಶ್ನಿಸದೆ ಕೇಳುವ ಗುಣವೇ ಮುಳುವಾಯಿತು. 1986ರಲ್ಲಿ ಲಾಹೋರಿನಲ್ಲಿ ಹುಟ್ಟಿದ ‘ಬ್ರೇನ್’ ವೈರಸ್ ಫ್ಲಾಪಿಯ ಮೊದಲ ಭಾಗದಲ್ಲೇ ಅಡಗಿ ಕೂತಿತ್ತು. ಮರುವರ್ಷ ಕಾಣಿಸಿಕೊಂಡ ‘ಸ್ಟೋನ್ಡ್’ ಹಾರ್ಡ್ ಡಿಸ್ಕಿಗೂ ದಾಟುತ್ತಿತ್ತು. ಅಂಥ ಫ್ಲಾಪಿಯನ್ನು ತೆಗೆಯಲು ಮರೆತು ಗಣಕ ಚಾಲೂ ಮಾಡಿದರೆ ಸಾಕಿತ್ತು. ಹಾರ್ಡ್ ಡಿಸ್ಕನ್ನು ಮೊದಲು ನೋಡುವಂತೆ ಸರದಿ ಬದಲಿಸುವುದು ಆ ಕಾಲದ ಜಾಣ ಸಲಹೆಯಾಗಿತ್ತು. 1995ರಲ್ಲಿ ರೂಪುಗೊಂಡ ‘ಎಲ್ ಟೊರಿಟೊ’ ಮಾನದಂಡದಿಂದ ಸಿ.ಡಿ.ಯೂ ಆ ಸರದಿಗೆ ಸೇರಿತು.

ಹಾರ್ಡ್ ಡಿಸ್ಕಿನಲ್ಲಿ ಬಯೋಸ್ ಓದುವುದು ಮೊದಲ 512 ಬೈಟ್‌ಗಳನ್ನು ಮಾತ್ರ. ಅದರಲ್ಲಿ 446 ಬೈಟ್ ಆದೇಶಗಳಿಗೆ, 64 ಬೈಟ್ ನಾಲ್ಕು ವಿಭಾಗಗಳ ವಿವರಕ್ಕೆ, ಉಳಿದೆರಡು ಗುರುತಿಗೆ. 1991ರಲ್ಲಿ ಲಿನಕ್ಸ್ ಬಂದ ಮೇಲೆ ಒಂದೇ ಯಂತ್ರದಲ್ಲಿ ಎರಡು ಸಂಸಾರ ಹೂಡುವವರು ಹೆಚ್ಚಿದರು. ಯಾವುದು ಬೇಕೆಂದು ಕೇಳುವ ‘ಲಿಲೊ’, ‘ಗ್ರಬ್’ ಎಂಬ ಪುಟ್ಟ ತಂತ್ರಾಂಶಗಳು ಬಂದವು. ವಿಂಡೋಸನ್ನು ಮತ್ತೆ ಸ್ಥಾಪಿಸಿದಾಗ ಅದು ಆ 446 ಬೈಟ್‌ಗಳ ಮೇಲೆ ತನ್ನದನ್ನು ಬರೆಯುತ್ತಿತ್ತು. ಲಿನಕ್ಸ್ ಡಿಸ್ಕಿನಲ್ಲಿದ್ದರೂ ಅದಕ್ಕೆ ದಾರಿ ಇಲ್ಲವಾಗುತ್ತಿತ್ತು. ಕಡತಗಳೆಲ್ಲ ಅಳಿಸಿಹೋದವೆಂದು ಗಾಬರಿಯಾದವರು ಎಷ್ಟೋ ಮಂದಿ. ಅಳಿದದ್ದು ಬಾಗಿಲಿನ ಫಲಕ ಮಾತ್ರ, ಮನೆಯಲ್ಲ.

ಎರಡು ಡಿಸ್ಕ್‌ಗಳಿದ್ದರೆ ಇನ್ನೊಂದು ತೊಡಕು. ಸರದಿ ಬದಲಾದಾಗ ಅಥವಾ ಹೊಸ ಡಿಸ್ಕ್ ಸೇರಿದಾಗ ನಿನ್ನೆಯ ‘ಮೊದಲನೆಯದು’ ಇಂದು ‘ಎರಡನೆಯದು’ ಆಗಬಹುದು. ಆದ್ದರಿಂದಲೇ ಲಿನಕ್ಸ್ ವ್ಯವಸ್ಥೆಗಳು ಕ್ರಮಸಂಖ್ಯೆಯನ್ನು ನಂಬದೆ, ಪ್ರತಿ ವಿಭಾಗಕ್ಕೂ ಕೊಟ್ಟ ಉದ್ದನೆಯ ವಿಶಿಷ್ಟ ಗುರುತನ್ನು ಬಳಸತೊಡಗಿದವು. ಬಯೋಸ್ ಜಾಗಕ್ಕೆ ಬಂದ ‘ಯುಇಎಫ್‌ಐ’ ಡಿಸ್ಕ್‌ಗಳ ಸರದಿಯ ಬದಲು, ಯಾವ ವಿಭಾಗದ ಯಾವ ಕಡತ ಎಂಬ ಹೆಸರುಗಳ ಪಟ್ಟಿಯನ್ನೇ ನೆನಪಿಡುತ್ತದೆ. 2012ರಲ್ಲಿ ವಿಂಡೋಸ್ 8ರೊಡನೆ ಬಳಕೆಗೆ ಬಂದ ‘ಸೆಕ್ಯೂರ್ ಬೂಟ್’, ಆ ಕಡತಕ್ಕೆ ಒಪ್ಪಿದವರ ಮುದ್ರೆ ಇದೆಯೇ ಎಂದೂ ಪರೀಕ್ಷಿಸುತ್ತದೆ. ಸ್ಟೋನ್ಡ್ ಕಲಿಸಿದ ಪಾಠ ಬಹಳ ತಡವಾಗಿ ಫಲಿಸಿತೆನ್ನಬಹುದು.

ಓದುಗರು ನೆನಪಿಡಬೇಕಾದ್ದು ಕೆಲವೇ ಸಂಗತಿ. ಪೆನ್ ಡ್ರೈವಿನಿಂದ ಒಮ್ಮೆ ಮಾತ್ರ ಬೂಟ್ ಮಾಡಬೇಕಿದ್ದರೆ ಕಾಯಂ ಸರದಿಯನ್ನು ಮುಟ್ಟಬೇಡಿ. ಆರಂಭದಲ್ಲಿ ನಿಗದಿತ ಕೀಲಿ ಒತ್ತಿದರೆ ಆ ಬಾರಿಗಷ್ಟೇ ಆಯ್ಕೆ ಕೇಳುವ ಪಟ್ಟಿ ಸಾಮಾನ್ಯವಾಗಿ ಬರುತ್ತದೆ. ಎರಡನೆಯ ಡಿಸ್ಕಿಗೆ ಹೊಸ ವ್ಯವಸ್ಥೆ ಹಾಕುವಾಗ ಮೊದಲನೆಯದನ್ನು ಬಿಚ್ಚಿಡಲು ಸಾಧ್ಯವಾದರೆ ಬಿಚ್ಚಿಡಿ. ಆಗ ಪ್ರತಿ ಡಿಸ್ಕೂ ಸ್ವಂತ ಕಾಲ ಮೇಲೆ ನಿಲ್ಲುತ್ತದೆ, ಒಂದು ಕೆಟ್ಟರೆ ಇನ್ನೊಂದು ಏಳುತ್ತದೆ. ಹಳೆಯ ವ್ಯವಸ್ಥೆ ಏಳಲಿಲ್ಲವೆಂದು ಅವಸರದಲ್ಲಿ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಡಿ. ಮೊದಲು ಸರದಿ ನೋಡಿ.

ಮತಯಂತ್ರಕ್ಕೆ ಆಯ್ಕೆಯನ್ನೇ ಕೊಡದಿರುವುದು ಅದರ ಕೆಲಸಕ್ಕೆ ತಕ್ಕ ಎಚ್ಚರಿಕೆ. ಮನೆಯ ಗಣಕಕ್ಕೆ ಆಯ್ಕೆ ಬೇಕು. ಆದರೆ ಆ ಸರದಿಯನ್ನು ತಿದ್ದಬಲ್ಲವನು ಯಂತ್ರವನ್ನೇ ವಶ ಮಾಡಿಕೊಳ್ಳಬಲ್ಲ. ಹಲವರು ಬಳಸುವ ಗಣಕವಾದರೆ ಆ ಪುಟಕ್ಕೊಂದು ಗುಪ್ತಪದ ಹಾಕಿಡುವುದು ಒಳ್ಳೆಯದು.