ದ್ಯೂಬ್ಯುಫೆಯ ‘ಎನಾಮಲ್ ತೋಟ’

ನೆದರ್‌ಲೆಂಡ್ಸ್ ದೇಶದ ಒಟ್ಟರ್ಲೋ ಗ್ರಾಮದ ಬಳಿ ಕಾಡಿನ ನಡುವೆ ಕ್ರೋಲರ್-ಮ್ಯೂಲರ್ ವಸ್ತುಸಂಗ್ರಹಾಲಯವಿದೆ. 1938ರಲ್ಲಿ ಪ್ರಾರಂಭವಾದ ಈ ಸಂಸ್ಥೆಯ ಶಿಲ್ಪೋದ್ಯಾನವು 1961ರಲ್ಲಿ ತೆರೆಯಲ್ಪಟ್ಟಿತು. ಆ ಉದ್ಯಾನಕ್ಕಾಗಿ ಫ್ರೆಂಚ್ ಕಲಾವಿದ ಜಾನ್ ದ್ಯೂಬ್ಯುಫೆ (1901-1985) ರಚಿಸಿಕೊಟ್ಟ ‘ಎನಾಮಲ್ ತೋಟ’ವು 1974ರಲ್ಲಿ ಪೂರ್ಣಗೊಂಡಿತು. ಹೆಸರಿನಲ್ಲಿರುವ ಎನಾಮಲ್ ಕೃತಿಯಲ್ಲಿಲ್ಲ. ಅದು ಕಾಂಕ್ರೀಟು, ಗಾಜಿನೆಳೆ ಬೆರೆಸಿದ ರಾಳ ಮತ್ತು ಬಣ್ಣಗಳಿಂದಾದುದು. ತೋಟವೆಂಬ ಮಾತೂ ಒಂದು ವಿನೋದವೇ ಸರಿ: ಒಳಗೆ ಹುಲ್ಲುಕಡ್ಡಿಯೂ ಬೆಳೆಯದು.

ಇದರ ಮೂಲವು ಸ್ವಾರಸ್ಯಕರವಾದುದು. 1962ರಲ್ಲಿ ದ್ಯೂಬ್ಯುಫೆ ದೂರವಾಣಿಯಲ್ಲಿ ಮಾತನಾಡುತ್ತ, ಬಾಲ್‌ಪಾಯಿಂಟ್ ಪೆನ್ನಿನಿಂದ ಕಾಗದದ ಮೇಲೆ ಗೊತ್ತುಗುರಿಯಿಲ್ಲದೆ ಗೀಚಿದ ಗೆರೆಗಳಿಂದ ‘ಊರ್ಲೂಪ್’ ಎಂಬ ಕೃತಿಶ್ರೇಣಿ ಹುಟ್ಟಿತು. ಹನ್ನೆರಡು ವರ್ಷಗಳ ಕಾಲ ಆ ಗೆರೆಗಳು ಚಿತ್ರಗಳಾಗಿ, ಶಿಲ್ಪಗಳಾಗಿ ಬೆಳೆದು, ಕಡೆಗೆ ಮನುಷ್ಯನು ಹೊಕ್ಕು ನಡೆಯಬಹುದಾದ ಸ್ಥಳಗಳೇ ಆದುವು. ಕೃತಿಯ ಹಿಂದೆ ಉದ್ದೇಶವನ್ನು ಅರಸುವ ಅಭ್ಯಾಸವುಳ್ಳ ನಮಗೆ, ಉದ್ದೇಶವಿಲ್ಲದ ಒಂದು ಗೀಚು ಇಷ್ಟು ದೂರ ಸಾಗಿದುದು ವಿಚಾರಾರ್ಹವೆನಿಸುತ್ತದೆ.

ಸುಮಾರು 30 ಮೀಟರು ಉದ್ದ, 20 ಮೀಟರು ಅಗಲದ ಈ ಆವರಣವನ್ನು ಹೊರಗಿನಿಂದ ನೋಡಿದವನಿಗೆ ಬಿಳಿಯ ಗೋಡೆಯಲ್ಲದೆ ಹೆಚ್ಚೇನೂ ಕಾಣದು. ಇಕ್ಕಟ್ಟಾದ ಮೆಟ್ಟಿಲುಗಳನ್ನೇರಿ ಮೇಲೆ ಬಂದರೆ, ಅಲೆಯಲೆಯಾಗಿ ಏರಿಳಿಯುವ ಬಿಳಿಯ ನೆಲ. ಅದರ ಮೇಲೆ ಅಂಕುಡೊಂಕಾಗಿ ಹರಿಯುವ ದಪ್ಪ ಕಪ್ಪುಗೆರೆಗಳು. ನಡುವೆ ಮರದಂತೆ ನಿಂತ ಒಂದು ಆಕೃತಿ. ಗೆರೆಯೊಂದು ಹೇಳಿದಂತೆ ನೆಲವಿರುವುದಿಲ್ಲ. ಕಣ್ಣು ಸಮವೆಂದುಕೊಂಡ ಕಡೆ ಕಾಲಿಗೆ ಇಳಿಜಾರು ಸಿಕ್ಕುತ್ತದೆ. ಮಕ್ಕಳು ಇದನ್ನು ಬೇಗ ಗ್ರಹಿಸುತ್ತಾರೆ. ವಿದ್ವಾಂಸರಿಗೆ ತುಸು ಕಾಲ ಬೇಕು.

ಸಂಗ್ರಹಾಲಯಕ್ಕೆ ಧರ್ಮಸಂಕಟ ಒದಗುವುದು ಇಲ್ಲಿಯೇ. ಮುಟ್ಟಬಾರದೆಂಬುದು ಸಂಗ್ರಹಾಲಯಗಳ ಮೊದಲ ವಿಧಿ. ಈ ಕೃತಿಯಾದರೋ ತುಳಿಯದವನಿಗೆ ದಕ್ಕುವುದೇ ಇಲ್ಲ. ಬಯಲಿನಲ್ಲಿರುವುದರಿಂದ ಮಳೆ, ಹಿಮ, ಪಾಚಿಗಳ ಕಾಟ ಬೇರೆ. ಮೇಲ್ಮೈಯನ್ನು ಉಳಿಸಲು ಬಾಗಿಲು ಮುಚ್ಚಿದರೆ ಉಳಿಯುವುದು ಬಣ್ಣ ಬಳಿದ ಕಾಂಕ್ರೀಟು ಮಾತ್ರವೆಂದೂ, ನಡಿಗೆಯೇ ಇಲ್ಲಿ ಸಂರಕ್ಷಿಸತಕ್ಕ ಮುಖ್ಯ ವಸ್ತುವೆಂದೂ ನಮ್ಮ ಅಭಿಪ್ರಾಯ. ಬಣ್ಣವನ್ನು ಮತ್ತೆ ಬಳಿಯಬಹುದು. ಜೀರ್ಣೋದ್ಧಾರಕ್ಕಾಗಿ ಮುಚ್ಚಿದ್ದ ತೋಟವನ್ನು 2020ರಲ್ಲಿ ಪುನಃ ತೆರೆದಾಗ, ಸಂಗ್ರಹಾಲಯವು ಅದನ್ನು ದೂರದಿಂದ ನೋಡುವ ವಸ್ತುವಾಗಿಸದೆ, ಜನರು ಹತ್ತಿ ನಡೆಯುವುದಕ್ಕೇ ಬಿಟ್ಟುಕೊಟ್ಟಿತು.