ಹುಬ್ಬಳ್ಳಿ-ಧಾರವಾಡ: ಕಚ್ಚಾ ದಾರಿಯ ಪ್ರಯಾಣಕ್ಕೆ ಅಗತ್ಯ ಸಾಮಗ್ರಿಗಳು

ಧಾರವಾಡ ಜಿಲ್ಲೆಯ ಪೂರ್ವಕ್ಕೆ ನವಲಗುಂದ, ಕುಂದಗೋಳ ತಾಲ್ಲೂಕುಗಳ ಎರೆಭೂಮಿಯೂ, ಪಶ್ಚಿಮಕ್ಕೆ ಕಲಘಟಗಿ, ಅಳ್ನಾವರಗಳ ಅರೆಮಲೆನಾಡೂ ಇರುತ್ತವೆ. ಎರೆಮಣ್ಣು ಮಳೆಗೆ ಉಬ್ಬಿ ಟೈರಿನ ಗೆರೆಗಳಲ್ಲಿ ತುಂಬಿಕೊಳ್ಳುವುದರಿಂದ ಚಕ್ರಗಳು ಹಿಡಿತ ತಪ್ಪಿ ಹೂತುಕೊಳ್ಳುತ್ತವೆ. ಆದ್ದರಿಂದ ಹೊಸಬರು ಒಣಹವೆಯಲ್ಲಿ, ಕನಿಷ್ಠ 2 ವಾಹನಗಳೊಂದಿಗೆ ಹೊರಡುವುದು ಸೂಕ್ತ.

ವಾಹನದಲ್ಲಿ ಇರಬೇಕಾದವು:

1. ಗಾಳಿ ತುಂಬಿದ ಸ್ಟೆಪ್ನಿ, ಜಾಕ್, ಪಾನಾ ಹಾಗೂ ಮೆತ್ತನೆಯ ನೆಲದಲ್ಲಿ ಜಾಕ್ ಕುಸಿಯದಂತೆ ಅಡಿಗಿಡಲು ಮರದ ಹಲಗೆ.
2. ವಾಹನದ ಭಾರ ತಾಳುವ ಎಳೆಹಗ್ಗ, ಸಲಿಕೆ. ಎಳೆಯುವಾಗ ಹಗ್ಗದ ಸಮೀಪ ಯಾರೂ ನಿಲ್ಲಕೂಡದು.
3. ಗಾಳಿ ಪಂಪು, ಒತ್ತಡ ಮಾಪಕ. ಹಿಡಿತಕ್ಕಾಗಿ ಟೈರಿನ ಗಾಳಿ ಇಳಿಸಿದ್ದಲ್ಲಿ ಡಾಂಬರು ರಸ್ತೆಗೆ ಮರಳುವ ಮುನ್ನ ಪುನಃ ತುಂಬತಕ್ಕದ್ದು.
4. ಕುಡಿಯುವ ನೀರು, ಪ್ರಥಮ ಚಿಕಿತ್ಸಾ ಪೆಟ್ಟಿಗೆ, ಟಾರ್ಚ್.
5. ಚಾಲನಾ ಪರವಾನಗಿ, ನೋಂದಣಿ, ವಿಮೆ ಮತ್ತು ಹೊಗೆ ತಪಾಸಣಾ ಪ್ರಮಾಣಪತ್ರಗಳು.

ಭಾರವಾದ ಸಾಮಗ್ರಿಗಳನ್ನು ಕೆಳಭಾಗದಲ್ಲಿಟ್ಟು ಬಿಗಿಯಾಗಿ ಕಟ್ಟತಕ್ಕದ್ದು.

ಬಿತ್ತಿದ ಹೊಲಗಳಲ್ಲಿ ವಾಹನ ಇಳಿಸಕೂಡದು. ಬೆಣ್ಣಿಹಳ್ಳದಂತಹ ಹಳ್ಳಗಳು ತುಂಬಿ ಹರಿಯುವಾಗ, ಯಾವ ಸಾಮಗ್ರಿ ಇದ್ದರೂ ದಾಟುವ ಪ್ರಯತ್ನ ಮಾಡಕೂಡದು. ದಾಂಡೇಲಿ ಭಾಗದ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಕಾಡುದಾರಿಗಳಿಗೆ ಅರಣ್ಯ ಇಲಾಖೆಯ ಅನುಮತಿ ಕಡ್ಡಾಯವಾಗಿರುತ್ತದೆ. ತುರ್ತು ಸಂದರ್ಭದಲ್ಲಿ 112ಕ್ಕೆ ಕರೆ ಮಾಡಬಹುದು. ಕಾಡಿನಲ್ಲಿ ಮೊಬೈಲ್ ಸಂಪರ್ಕ ದೊರೆಯದಿರಬಹುದಾದ್ದರಿಂದ, ಹೋಗುವ ದಾರಿ ಮತ್ತು ಮರಳುವ ವೇಳೆಯನ್ನು ಮನೆಯವರಿಗೆ ಮುಂಚಿತವಾಗಿ ತಿಳಿಸಿರತಕ್ಕದ್ದು.