ಚೆಂಗಲ್ಪಟ್ಟು ಪ್ರಯೋಗ ಮತ್ತು ಕ್ಷಯರೋಗ ಲಸಿಕೆಯ ತೊಡಕುಗಳು

ತಮಿಳುನಾಡಿನ ಚೆಂಗಲ್ಪಟ್ಟು ಜಿಲ್ಲೆಯಲ್ಲಿ 1968ರಲ್ಲಿ ಆರಂಭವಾದ ಬಿಸಿಜಿ ಲಸಿಕಾ ಪ್ರಯೋಗವನ್ನು ಸೋತ ಪ್ರಯೋಗವೆಂದು ಕರೆಯುವ ರೂಢಿಯಿದೆ. ಈ ಮಾತು ಲಸಿಕೆಗೆ ಸಲ್ಲಬಹುದು, ಪ್ರಯೋಗಕ್ಕೆ ಸಲ್ಲದು. ಹೊಸ ಲಸಿಕೆಗಳನ್ನು ಇಂದಿಗೂ ಕಾಡುತ್ತಿರುವ ತೊಡಕುಗಳಲ್ಲಿ ಮುಖ್ಯವಾದವು ಅದರ ಫಲಿತಾಂಶಗಳ ಹಿಂದೆಯೇ ಅಡಗಿವೆ.

ಫ್ರಾನ್ಸಿನ ಕಾಲ್ಮೆಟ್ ಮತ್ತು ಗೆರಾಂ ಎಂಬ ವಿಜ್ಞಾನಿಗಳು ದನಗಳ ಕ್ಷಯಾಣುವನ್ನು 13 ವರ್ಷಗಳ ಕಾಲ ಪ್ರಯೋಗಾಲಯದಲ್ಲಿ 230 ಬಾರಿ ಮರುಬೆಳೆಸಿ, ಅದರ ರೋಗಕಾರಕ ಶಕ್ತಿಯನ್ನು ಕುಂದಿಸಿ ರೂಪಿಸಿದ ಬಿಸಿಜಿಯನ್ನು 1921ರಲ್ಲಿ ಮೊದಲ ಬಾರಿಗೆ ಮನುಷ್ಯರಿಗೆ ನೀಡಲಾಯಿತು. 1950ರ ದಶಕದಲ್ಲಿ ಬ್ರಿಟನ್ನಿನ ಶಾಲಾಮಕ್ಕಳಲ್ಲಿ ಅದು ಮುಕ್ಕಾಲು ಪಾಲಿಗೂ ಮಿಕ್ಕ ರಕ್ಷಣೆ ನೀಡಿತ್ತು. ಚೆಂಗಲ್ಪಟ್ಟಿನಲ್ಲಿ 2,81,161 ಜನರನ್ನು ಮೂರು ಗುಂಪುಗಳಾಗಿ ವಿಂಗಡಿಸಿ, ಎರಡಕ್ಕೆ ಬೇರೆಬೇರೆ ಪ್ರಮಾಣದ ಬಿಸಿಜಿಯನ್ನೂ ಮೂರನೆಯದಕ್ಕೆ ಔಷಧಗುಣವಿಲ್ಲದ ಪ್ಲಸೀಬೊವನ್ನೂ ಕೊಡಲಾಯಿತು. ಟ್ಯೂಬರ್ಕ್ಯುಲಿನ್ ಚರ್ಮಪರೀಕ್ಷೆಯಲ್ಲಿ ಸೋಂಕಿನ ಸುಳಿವು ಕಾಣದ, ಎದೆಯ ಎಕ್ಸ್‌ರೇ ಸಹಜವಾಗಿದ್ದ 1,09,873 ಜನರನ್ನು ಆಧರಿಸಿ 15 ವರ್ಷಗಳ ಬಳಿಕ ಲೆಕ್ಕ ಹಾಕಿದಾಗ, ವಯಸ್ಕರಿಗೆ ರಕ್ಷಣೆಯೇ ದೊರೆತಿರಲಿಲ್ಲ. ಮಕ್ಕಳಲ್ಲಿ ಕಂಡ ಶೇ. 27ರಷ್ಟು ರಕ್ಷಣೆಯೂ ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಖಚಿತವೆನ್ನುವಂತಿರಲಿಲ್ಲ.

ಒಂದೇ ಲಸಿಕೆಯ ಈ ಎರಡು ನಡತೆಗಳಿಗೆ ಹೆಚ್ಚು ಒಪ್ಪಿತವಾಗಿರುವ ವಿವರಣೆ ನೆಲ ಮತ್ತು ನೀರಿನಲ್ಲಿ ಬದುಕುವ, ಕ್ಷಯಾಣುವಿನ ದಾಯಾದಿಗಳೆನ್ನಬಹುದಾದ ಪರಿಸರದ ಮೈಕೋಬ್ಯಾಕ್ಟೀರಿಯಾಗಳಿಗೆ ಸಂಬಂಧಿಸಿದ್ದು. ಉಷ್ಣವಲಯದ ಹಳ್ಳಿಗಳಲ್ಲಿ ಬಾಲ್ಯದಿಂದಲೇ ಇವುಗಳ ಸಂಪರ್ಕಕ್ಕೆ ಬರುವ ದೇಹವು ಒಂದಿಷ್ಟು ನಿರೋಧಕ ಶಕ್ತಿಯನ್ನು ತಾನಾಗಿಯೇ ಗಳಿಸಿರುವುದರಿಂದ ಲಸಿಕೆಯ ಹೆಚ್ಚುವರಿ ಲಾಭ ಮರೆಯಾಗುತ್ತದೆ ಎಂಬುದು ಒಂದು ವಾದ. ಮೊದಲೇ ಸಜ್ಜಾಗಿರುವ ಆ ದೇಹವು ಜೀವಂತ ಬಿಸಿಜಿ ಬೆಳೆಯುವ ಮುನ್ನವೇ ಅದನ್ನು ನಾಶಮಾಡುತ್ತದೆ ಎಂಬುದು ಇನ್ನೊಂದು. ಎರಡೂ ಏಕಕಾಲಕ್ಕೆ ನಿಜವಾಗಿರಲು ಅಡ್ಡಿಯೇನಿಲ್ಲ. ಹಾಗಿದ್ದಲ್ಲಿ ಲಸಿಕೆಯ ಸಾಮರ್ಥ್ಯವನ್ನು ಅದರ ಸೀಸೆಯೊಳಗೆ ಮಾತ್ರ ಹುಡುಕುವುದು ವ್ಯರ್ಥ.

ರೋಗಾಣುವಿನ ಸ್ವಭಾವವೂ ಸರಳವಲ್ಲ. ಆಕ್ರಮಣಕಾರರನ್ನು ನುಂಗಿ ಅರಗಿಸಬೇಕಾದ ಮ್ಯಾಕ್ರೋಫೇಜ್ ಎಂಬ ಭಕ್ಷಕ ಕೋಶಗಳೊಳಗೇ ಕ್ಷಯಾಣು ನೆಲೆಯೂರುವುದರಿಂದ, ರಕ್ತದಲ್ಲಿ ತೇಲುವ ಪ್ರತಿಕಾಯಗಳಿಗಿಂತ ಟಿ ಕೋಶಗಳು ಮತ್ತು ಅವು ಸ್ರವಿಸುವ ಇಂಟರ್‌ಫೆರಾನ್ ಗಾಮಾದ ಪಾತ್ರ ಹಿರಿದೆಂದು ತಿಳಿಯಲಾಗಿದೆ. ಆದರೆ ಆ ಸ್ರಾವ ಅಗತ್ಯವಾದರೂ ಸಾಕಾಗದು. ಬಿಸಿಜಿಯ ಪರಿಣಾಮವನ್ನು ಹೆಚ್ಚಿಸಲೆಂದು ರೂಪಿಸಿದ ಎಂವಿಎ85ಎ ಎಂಬ ಲಸಿಕೆಯು ಟಿ ಕೋಶಗಳನ್ನು ಪ್ರಚೋದಿಸಿದರೂ, ದಕ್ಷಿಣ ಆಫ್ರಿಕಾದ 2,797 ಶಿಶುಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಗಣನೀಯ ರಕ್ಷಣೆ ನೀಡಲಿಲ್ಲ. ಅಂದರೆ, ರಕ್ತಪರೀಕ್ಷೆಯೊಂದರಿಂದಲೇ ರಕ್ಷಣೆಯನ್ನು ಮುಂಗಾಣಲು ನೆರವಾಗುವ ನಂಬಲರ್ಹ ಸೂಚಕ ಇನ್ನೂ ದೊರೆತಿಲ್ಲ. ಹೀಗಾಗಿ ಪ್ರತಿಯೊಂದು ಲಸಿಕೆಯನ್ನೂ ಸಾವಿರಾರು ಜನರಿಗೆ ಕೊಟ್ಟು ವರ್ಷಗಟ್ಟಲೆ ಕಾಯಬೇಕಾಗುತ್ತದೆ. ಸೋಂಕು ತಗುಲಿದವರಲ್ಲಿ ಜೀವಮಾನದಲ್ಲಿ ರೋಗಿಗಳಾಗುವವರು ಶೇ. 5ರಿಂದ 10ರಷ್ಟೇ ಆದ್ದರಿಂದ ಈ ಕಾಯುವಿಕೆಯ ವೆಚ್ಚವೂ ವಿಪರೀತ.

2019ರಲ್ಲಿ ಪ್ರಕಟವಾದ ಎಂ72/ಎಎಸ್01ಇ ಲಸಿಕೆಯ ಫಲಿತಾಂಶ ಈ ಹಿನ್ನೆಲೆಯಲ್ಲಿ ಗಮನಾರ್ಹ. ಕೀನ್ಯಾ, ದಕ್ಷಿಣ ಆಫ್ರಿಕಾ ಮತ್ತು ಜಾಂಬಿಯಾಗಳಲ್ಲಿ ಮೂರು ವರ್ಷಗಳ ಅವಧಿಯಲ್ಲಿ ಅದು ಶ್ವಾಸಕೋಶದ ಕ್ಷಯವನ್ನು ಸುಮಾರು ಶೇ. 50ರಷ್ಟು ತಡೆಯಿತು, 2024ರಲ್ಲಿ ಅದರ ಮೂರನೇ ಹಂತದ ಪ್ರಯೋಗವೂ ಆರಂಭವಾಯಿತು. ಆ ಫಲಿತಾಂಶ ಹೊರಬಂದದ್ದು ರೋಗಲಕ್ಷಣವಿಲ್ಲದಿದ್ದರೂ ಕ್ಷಯಾಣುವಿನ ಸೋಂಕನ್ನು ಆಗಲೇ ಹೊತ್ತಿದ್ದ ವಯಸ್ಕರಲ್ಲಿ, ಅಂದರೆ ಚೆಂಗಲ್ಪಟ್ಟಿನ ಮುಖ್ಯ ಲೆಕ್ಕಾಚಾರದಿಂದ ಹೊರಗುಳಿದಿದ್ದ ವರ್ಗದಲ್ಲಿ.